ಒಣಗಲು ಬಿಟ್ಟದ್ದು

ಅಂಗೈಯಗಲದ ಊರುಗಳು ನನ್ನವು.
ಔಷಧಿ ಕಂಪನಿಯ ಸ್ಯಾಂಪಲ್ ಡಬ್ಬಿಗಳ ರಟ್ಟು ಬಿಡಿಸಿ,
ಫೆವಿಕಾಲಿಗೆ ಸೀಮೆಸುಣ್ಣದ ಪುಡಿ ಕಲಸಿ
ಎರಡು ಸಲ ಬಳಿದು, ಉಜ್ಜಿ, ಹದ ಮಾಡಿದ ಮೇಲೂ
ಹಿಂಬದಿಯಲ್ಲಿ ಓದಬಹುದು:
ದಿನಕ್ಕೆರಡು, ಊಟವಾದ ಮೇಲೆ.

ಸೋಮವಾರ ಮುಳಬಾಗಿಲು, ಮಂಗಳವಾರ ಬಂಗಾರಪೇಟೆ,
ಬುಧವಾರ ಮಾಲೂರು.
ಡಾಕ್ಟರು ಒಳಗೆ ಕರೆಯುವ ತನಕ
ಬೆಂಚಿನ ತುದಿಯಲ್ಲಿ ಕೂತು ಬೀದಿ ನೋಡುವುದೇ
ನನ್ನ ಅರ್ಧ ಸಂಬಳದ ಕೆಲಸ.
ಬಿಲ್ಲಿನ ಬೆನ್ನಿಗೆ ಪೆನ್ಸಿಲ್ಲಿನ ನಾಲ್ಕು ಗೀಟು:
ಟೊಮೆಟೊ ಕ್ರೇಟು ಏರಿಸುವ ಹುಡುಗನ ಬಾಗಿದ ಬೆನ್ನು,
ಬಸ್ಸಿನ ಕಿಟಕಿಯಿಂದ ಹೊರಬಂದ ಒಂದು ಮೊಣಕೈ.
ಪಕ್ಕದಲ್ಲಿ ಟಿಪ್ಪಣಿ: ಮೂರೂವರೆ,
ನೆರಳು ಎಡಕ್ಕೆ, ನೀಲಿ ಜಾಸ್ತಿ.

ರಾತ್ರಿ ಕೋಲಾರದಲ್ಲಿ, ಕೋಟೆ ಬೀದಿಯ ಬಾಡಿಗೆ ಮಹಡಿಯಲ್ಲಿ
ಅಗಸೆಯೆಣ್ಣೆಯ ಸೀಸೆ ತೆರೆದರೆ ಸಾಕು,
ಕೆಳಮನೆಯ ಮುನಿವೆಂಕಟಮ್ಮ ಮೆಟ್ಟಿಲ ಬುಡದಿಂದ ಕೇಳುತ್ತಾರೆ:
"ಏನಪ್ಪಾ, ದಿನಾ ಮೀನು ಹುರೀತೀಯಾ?"

ಟ್ಯೂಬಿನಲ್ಲಿ ಚಿನ್ನದ ಬಣ್ಣವೂ ಸಿಗುತ್ತದೆ. ಕೊಂಡಿಲ್ಲ.
ಕೆಜಿಎಫಿನ ಸೈನೈಡ್ ದಿಬ್ಬಕ್ಕೆ ಅದು ಬೇಕಾಗಿಲ್ಲ.
ಬಿಳಿ ಅಂದುಕೊಂಡರೆ ಹಳದಿ, ಹಳದಿ ಹಾಕಿದರೆ ಬೂದಿ,
ಸಂಜೆಯ ಐದು ನಿಮಿಷ ಮಾತ್ರ
ಮೊಲದ ಕಿವಿಯೊಳಗಿನ ಕೆಂಪು.
ಹನ್ನೊಂದು ರಟ್ಟು ಕೆಡಿಸಿದೆ ಅದಕ್ಕೆ.
ಹನ್ನೆರಡನೆಯದರಲ್ಲಿ ದಿಬ್ಬದ ಗೊಡವೆ ಬಿಟ್ಟು
ಮುಂದಿನ ತಂತಿಯ ಮೇಲೆ ಒಣಗುತ್ತಿದ್ದ ಲುಂಗಿಗಳನ್ನು ಬರೆದೆ.
ದಿಬ್ಬ ತಾನಾಗಿ ಹಿಂದೆ ಬಂದು ನಿಂತಿತು.

ಎಣ್ಣೆಬಣ್ಣ ನೀರಿನ ಹಾಗೆ ಆರುವುದಿಲ್ಲ,
ಗಾಳಿ ಕುಡಿದು ಕುಡಿದು ಗಟ್ಟಿಯಾಗುತ್ತದೆ.
ವಾರ ಬೇಕು, ಕೆಲವು ಬಣ್ಣಕ್ಕೆ ಎರಡು.
ಅಷ್ಟರಲ್ಲಿ ಸೊಳ್ಳೆಯೊಂದು ಮಾಲೂರಿನ ಆಕಾಶಕ್ಕೆ ಅಂಟಿ
ಹದ್ದಾಗಿದೆ. ಬಿಡಿಸಲು ಹೋಗಲಿಲ್ಲ.

ಹಸಿ ಚಿತ್ರ ಒಯ್ಯುವುದು ಮೈಸೂರ್ ಪಾಕಿನ ಡಬ್ಬಿಯಲ್ಲಿ,
ನಾಲ್ಕು ಮೂಲೆಗೂ ಬೆಂಕಿಕಡ್ಡಿ ನಿಲ್ಲಿಸಿ, ಮುಚ್ಚಳ ತಾಗದಂತೆ.
ಬಸ್ಸಿನಲ್ಲಿ ಪಕ್ಕದವರು ಆಸೆಯಿಂದ ನೋಡುತ್ತಾರೆ.

ಹಾಗೆ ಒಯ್ದದ್ದು ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟು.
ಕ್ಲಿನಿಕ್ಕಿನ ನರ್ಸ್ ಅರುಳ್‌ಮೇರಿ ಡಬ್ಬಿ ತೆರೆದು,
ಸಿಹಿ ಕಾಣದೆ ಒಂದು ಗಳಿಗೆ ಮುನಿದು,
ಆಮೇಲೆ ಕನ್ನಡಕ ಹಣೆಗೇರಿಸಿ ಬಗ್ಗಿದರು.
"ಇದು ನಾನಲ್ವಾ ಸಾರ್? ನನ್ನ ಹಸಿರು ಕೊಡೆ."

ಕೊಡೆಯಲ್ಲ ಅದು.
ಕೆಂಪು ಹೆಚ್ಚಾಗಿ ಬಲಕ್ಕೆ ವಾಲುತ್ತಿದ್ದ ಬೀದಿಗೆ
ಒತ್ತುಗಲ್ಲಿನಂತೆ ಇರಲೆಂದು
ಕುಂಚದಲ್ಲುಳಿದ ಹಸಿರನ್ನು ಎಡಗಡೆ ಒರೆಸಿದ್ದೆ, ಅಷ್ಟೆ.
ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು
"ಆವತ್ತು ಅಮ್ಮನೂ ಇದ್ಲು. ಚಪ್ಪಲಿ ಹೊಲಿಸೋಕೆ ಹೋಗಿದ್ವಿ.
ಎಲ್ಲೂ ಕಾಣಿಸ್ತಿಲ್ವಲ್ಲ" ಎನ್ನುತ್ತ
ಮೂರಂಗುಲದ ಮಾರ್ಕೆಟ್ಟನ್ನು ಅಂಗಡಿ ಅಂಗಡಿ ಹುಡುಕಿದರು,
ಹದಿನಾಲ್ಕನೇ ಟೋಕನ್ ಕೂಗುವುದನ್ನೂ ಮರೆತು.

"ಎತ್ತರ ಎಷ್ಟಿದ್ದರು?"
"ನನ್ನ ಭುಜಕ್ಕೆ ಬರ್ತಿದ್ಲು. ಸೀರೆ...
ಕಾಫಿ ಬಣ್ಣ ಅಂದ್ಕೊಳ್ಳಿ."
ಅಂದುಕೊಂಡೆ.

ಆ ರಾತ್ರಿ ಬರ್ನ್ಟ್ ಸಿಯೆನ್ನಾಕ್ಕೆ ಸಾಸಿವೆಯಷ್ಟು ಬಿಳಿ ಬೆರೆಸಿ,
ಕ್ಲಾಕ್ ಟವರಿನ ಮುಳ್ಳಿಗೆಂದು ಎತ್ತಿಟ್ಟಿದ್ದ
ಮೂರೇ ಕೂದಲಿನ ಕುಂಚದಿಂದ
ಕೊಡೆಯ ಪಕ್ಕ ಒಂದು ಗೀಟೆಳೆದೆ. ಅರ್ಧ ಅಕ್ಕಿಕಾಳು.
ಭುಜದ ಅಳತೆ ತಪ್ಪಿತೆಂದು ಎರಡು ಸಲ ಒರೆಸಿದೆ.
ಆಕೆ ಬಂದದ್ದೇ ತಡ, ಕಷ್ಟಪಟ್ಟು ನಿಲ್ಲಿಸಿದ್ದ ಬೀದಿ
ಈಗ ಎಡಕ್ಕೆ ವಾಲಿತು.
ವಾಲಲಿ.

ಉಳಿದೆಲ್ಲ ಆರಿ ಮಂಕಾಗಿದೆ.
ಆ ಗೀಟು ಮಾತ್ರ ದೀಪಕ್ಕೆ ಹೊಳೆಯುತ್ತದೆ, ಹಸಿ.
ಗುರುವಾರ ಕೆಜಿಎಫ್ ಸರದಿ. ಆರದಿದ್ದರೂ ಒಯ್ಯುತ್ತೇನೆ,
ಬೆಂಕಿಕಡ್ಡಿ ನಿಲ್ಲಿಸಿದ ಡಬ್ಬಿಯ ಜೊತೆ ಈ ಸಲ
ಕಾಲು ಕೆಜಿ ನಿಜವಾದ ಮೈಸೂರ್ ಪಾಕೂ.